ಮುದ್ರೆಯಲ್ಲಿ ಊರಿಲ್ಲದ ಕಾಗದಗಳು: 1971–72ರ ಒಂದು ಮನೆಯ ಪತ್ರವ್ಯವಹಾರ

ಸೈನಿಕರ ಪತ್ರಗಳೆಂದರೆ ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಪತ್ರಿಕೆಗಳು ಅಚ್ಚು ಹಾಕುವ ಒಂದು ಬಗೆಯ ಬರಹ ನೆನಪಿಗೆ ಬರುತ್ತದೆ: ತಾಯ್ನಾಡು, ರಕ್ತ, ಕಟ್ಟಕಡೆಯ ಉಸಿರು. ಚಿಂತಾಮಣಿ ತಾಲ್ಲೂಕಿನ ಒಂದು ರೇಷ್ಮೆ ಬೆಳೆಗಾರರ ಮನೆಯಲ್ಲಿ ಉಳಿದಿರುವ ಕಟ್ಟಿನಲ್ಲಿ ಅಂಥ ವಾಕ್ಯಗಳಿಲ್ಲ. ಊರಿನ ಮೇಷ್ಟ್ರು ತಾವಾಗಿ ಸೇರಿಸಿದ ಒಂದೆರಡನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಉಳಿದದ್ದೆಲ್ಲ ಎತ್ತು, ಬಾವಿ, ರೇಷ್ಮೆ ಹುಳು, ಕೈಸಾಲ, ತಂಗಿಯ ಪರೀಕ್ಷೆ. ಯುದ್ಧ ಎಲ್ಲಿದೆ ಎಂದು ಹುಡುಕಬೇಕಾದರೆ ಬರಹದಲ್ಲಲ್ಲ, ಬರಹದ ಸುತ್ತಮುತ್ತ ಹುಡುಕಬೇಕು: ಅಂಚೆ ಮುದ್ರೆಯಲ್ಲಿ, ಅಂಚಿನಲ್ಲಿ ತುರುಕಿದ ಸಣ್ಣ ಅಕ್ಷರಗಳಲ್ಲಿ, ಮನಿ ಆರ್ಡರಿನ ಚೀಟಿಯಲ್ಲಿ. ಈ ಪ್ರಕರಣವನ್ನು ಬರೆದಿಡಬೇಕು ಅನ್ನಿಸಿದ್ದು ಅದಕ್ಕಾಗಿಯೇ. ಮನೆಯವರ ಒಪ್ಪಿಗೆಯಿದೆ. ಹೆಸರುಗಳನ್ನೂ ಹಳ್ಳಿಯನ್ನೂ ಬಿಟ್ಟಿದ್ದೇನೆ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಾಗದ ಬಿಚ್ಚುವ ಮೊದಲು ಮುದ್ರೆ ನೋಡುವುದು ನನಗೆ ಅಂಟಿದ ಚಟ. ಸಾಹಿತ್ಯ ಓದುವವರು ಈ ಕಟ್ಟನ್ನು ಬೇರೆ ಥರ ಓದಿಯಾರು.

ಆ ಮನೆಯ ಹುಡುಗ ಮದ್ರಾಸ್ ಸ್ಯಾಪರ್ಸ್ ಸೇರಿದವನು. 1780ರಷ್ಟು ಹಳೆಯದಾದ ಈ ಎಂಜಿನಿಯರ್ ದಳದ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿಯೇ ಇರುವುದರಿಂದ ಕೋಲಾರದ ಕಡೆಯ ಹುಡುಗರಿಗೆ ಅದು ದೂರದ ಮಾತಲ್ಲ. ಚಿಂತಾಮಣಿ ಆಗ ಕೋಲಾರ ಜಿಲ್ಲೆಗೆ ಸೇರಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಎಸ್ಸೆಸ್ಸೆಲ್ಸಿ ದಾಟದ ಹುಡುಗ ಬಂಗಾರಪೇಟೆ ಕಡೆಯಿಂದ ಬರುವ ನ್ಯಾರೋಗೇಜ್ ರೈಲು ಹತ್ತಿ ಯಲಹಂಕದ ದಾರಿಯಲ್ಲಿ ಹೋದ. ಮನೆಯಲ್ಲಿ ಅಪ್ಪ, ಅಮ್ಮ, ಹೈಸ್ಕೂಲಿಗೆ ಹೋಗುತ್ತಿದ್ದ ತಂಗಿ. ಎತ್ತು ಹೂಡಿ ಹಗ್ಗದಲ್ಲಿ ನೀರೆತ್ತುವ ಕಪಿಲೆ ಬಾವಿಯ ನೀರಿನಲ್ಲಿ ಸ್ವಲ್ಪ ಹಿಪ್ಪುನೇರಳೆ, ಮಳೆ ನಂಬಿದ ರಾಗಿ ಹೊಲ, ಒಂದು ಜೊತೆ ಎತ್ತು. 1971ರ ಡಿಸೆಂಬರ್ ಬರುವ ಹೊತ್ತಿಗೆ ಅವನಿಗೆ ಇಪ್ಪತ್ತೆರಡು.

ಕಟ್ಟು ಎರಡೂ ಕಡೆಯದು ಎಂಬುದು ಅಪರೂಪ. ಗಡಿಯಿಂದ ಬಂದ ಕಾಗದಗಳನ್ನು ಮನೆಯವರು ಇಟ್ಟುಕೊಳ್ಳುವುದುಂಟು. ಮನೆಯಿಂದ ಹೋದವು ಸಾಮಾನ್ಯವಾಗಿ ಅಲ್ಲೇ ಕಳೆದುಹೋಗುತ್ತವೆ. ಇವನು ಅವನ್ನು ತನ್ನ ಕಪ್ಪು ತಗಡಿನ ಟ್ರಂಕಿನ ತಳದಲ್ಲಿ, ಮಡಿಸಿದ ಕಂಬಳಿಯ ಕೆಳಗೆ ಇಟ್ಟುಕೊಂಡಿದ್ದ.

ಐವತ್ತಾರು ಎಂಬ ಊರು

ಮನೆಯಿಂದ ಹೋದ ಪ್ರತಿ ಕಾಗದದ ಮೇಲೂ ಅದೇ ವಿಳಾಸ: ನಂಬರು, ಹುದ್ದೆ, ಹೆಸರು, ರೆಜಿಮೆಂಟು, ಕೊನೆಗೆ ‘ಕೇರ್ ಆಫ್ 56 ಎಪಿಒ’, ಅಂದರೆ ಆರ್ಮಿ ಪೋಸ್ಟ್ ಆಫೀಸ್. ಊರಿಲ್ಲ, ಜಿಲ್ಲೆಯಿಲ್ಲ. ಪಿನ್‌ಕೋಡ್ ಆಗ ಎಲ್ಲಿಯೂ ಇರಲಿಲ್ಲ, ಅದು ಬಂದದ್ದು 1972ರ ಆಗಸ್ಟ್ 15ರಂದು. ಅಮ್ಮ ಬಹಳ ದಿನ ಐವತ್ತಾರು ಎಂಬುದು ಡೆಲ್ಲಿಯ ಪಕ್ಕದ ಒಂದು ಊರು ಎಂದೇ ತಿಳಿದಿದ್ದರಂತೆ. ನಗುವ ಹಾಗಿಲ್ಲ, ಅರ್ಧ ಸರಿಯೇ. ಹಳ್ಳಿಯ ಶಾಖಾ ಅಂಚೆ ಕಚೇರಿಯಿಂದ ಚಿಂತಾಮಣಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಡೆಲ್ಲಿಯಲ್ಲಿರುವ ಸೇನೆಯ ಕೇಂದ್ರ ಅಂಚೆ ಕಚೇರಿಗೆ ಕಾಗದ ಹೋಗುತ್ತಿತ್ತು. ಯಾವ ಘಟಕ ಯಾವ ಫೀಲ್ಡ್ ಪೋಸ್ಟ್ ಆಫೀಸಿನ ಕೆಳಗಿದೆ, ಆ ಆಫೀಸು ಈ ವಾರ ಎಲ್ಲಿದೆ ಎಂಬ ಪಟ್ಟಿ ಇರುತ್ತಿದ್ದದ್ದು ಅಲ್ಲಿ. ಪೂರ್ವದ ಕಡೆಯ ಘಟಕಗಳಿಗೆ 99 ಎಪಿಒ, ಕಲ್ಕತ್ತೆಯ ದಾರಿ. ಉತ್ತರಕ್ಕೂ ಪಶ್ಚಿಮಕ್ಕೂ 56. ಅವನಿಂದ ಬಂದ ಕಾಗದಗಳ ಮೇಲೆ ಬೀಳುತ್ತಿದ್ದ ಮುದ್ರೆಯಲ್ಲೂ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು, ತಾರೀಖು, ಅಷ್ಟೇ. ಎಲ್ಲಿಂದ ಬಂತು ಎಂದು ಹೇಳುವುದೇ ಮುದ್ರೆಯ ಕೆಲಸ. ಇಲ್ಲಿ ಹೇಳದಿರುವುದೇ ಅದರ ಕೆಲಸವಾಗಿತ್ತು.

ಯುದ್ಧಕಾಲದಲ್ಲಿ ಘಟಕದ ಅಧಿಕಾರಿಯ ಕಣ್ಣು ಹಾಯ್ದ ಮೇಲೆಯೇ ಕಾಗದ ಹೊರಬೀಳಬೇಕು. ಆದರೂ ಈ ಕಟ್ಟಿನಲ್ಲಿ ಶಾಯಿ ಬಳಿದು ಅಳಿಸಿದ ಒಂದು ಸಾಲೂ ಇಲ್ಲ. ಏನು ಬರೆಯಬಾರದು ಎಂಬುದು ಹುಡುಗನಿಗೆ ಮೊದಲೇ ಕರಗತವಾಗಿತ್ತು. ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರ, ಇತ್ತ ಕಡೆ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಬೇಕು. ಆಮೇಲೆ ಚಳಿ. ಚಪಾತಿ ತಿಂದು ತಿಂದು ಮುದ್ದೆಯ ಆಸೆಯಾಗಿದೆ ಎಂಬ ಸಾಲು. ಆಮೇಲೆ ನೇರವಾಗಿ ಹೊಲಕ್ಕೆ: ಈ ಬಾರಿ ಹುಳು ಎಷ್ಟನೇ ಜ್ವರದಲ್ಲಿದೆ (ಪೊರೆ ಬಿಡುವ ಹಂತಕ್ಕೆ ಜ್ವರ ಎನ್ನುತ್ತಾರೆ), ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ರಿಪೇರಿಯಾಯಿತೆ, ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಎಷ್ಟು.

ಮೇಷ್ಟ್ರು ಎಂಬ ಎರಡನೆಯ ಅಧಿಕಾರಿ

ಅಲ್ಲಿ ಒಬ್ಬ ಅಧಿಕಾರಿ ಕಾಗದ ಓದುತ್ತಿದ್ದರೆ, ಇಲ್ಲಿ ಇನ್ನೊಬ್ಬರಿದ್ದರು. ಶಾಲೆಯ ಮೇಷ್ಟ್ರೇ ಊರಿನ ಶಾಖಾ ಪೋಸ್ಟ್ ಮಾಸ್ಟರ್ ಕೂಡ. ಹಳ್ಳಿಗಳಲ್ಲಿ ಆಗ ಅದು ಮಾಮೂಲು. ಕಾಗದ ಬಂದರೆ ಮನೆಗೆ ತಂದು ಓದಿ ಹೇಳುವವರು ಅವರು, ಉತ್ತರ ಬರೆದುಕೊಡುವವರೂ ಅವರು. ಅಮ್ಮ ತೆಲುಗು ಬೆರೆಸಿ ಹೇಳಿದ್ದನ್ನು ಅವರು ಅಚ್ಚುಕಟ್ಟಾದ ಕನ್ನಡಕ್ಕೆ ಇಳಿಸುತ್ತಿದ್ದರು. ಇಳಿಸುವಾಗ ಅರ್ಧ ಸೋರಿಹೋಗುತ್ತಿತ್ತು. ಅಪ್ಪನ ಕೆಮ್ಮು ಸೋರಿತು, ಬಾವಿಯ ನೀರು ಮೊಳದಷ್ಟು ಇಳಿದದ್ದು ಸೋರಿತು, ಅಂಗಡಿಯ ಬಾಕಿ ಸೋರಿತು. ಅವುಗಳ ಜಾಗದಲ್ಲಿ ದೇಶಸೇವೆಯ ಭಾಗ್ಯದ ಬಗ್ಗೆ ಒಂದು ಸಾಲು ಬಂದು ಕೂತಿತು. ಗಡಿಯಲ್ಲಿರುವವನಿಗೆ ಮನೆಯ ಚಿಂತೆ ಹಚ್ಚಬಾರದು ಎಂಬುದು ಅವರ ನಿಲುವು. ಕೆಟ್ಟ ನಿಲುವೇನಲ್ಲ. ಆದರೂ ನನ್ನ ಎಣಿಕೆಯಲ್ಲಿ ಈ ಪ್ರಕರಣದ ಕಟ್ಟುನಿಟ್ಟಾದ ಸೆನ್ಸಾರು ಸೇನೆಯದಲ್ಲ, ಮೇಷ್ಟ್ರದು.

ತಂಗಿ ಇದನ್ನು ಗಮನಿಸಿದ್ದಳು. ಮೇಷ್ಟ್ರು ಬರೆದ ಇನ್‌ಲ್ಯಾಂಡ್ ಲೆಟರನ್ನು ಅಂಟಿಸುವ ಮೊದಲು ಅಕ್ಷರ ಚೆಂದ ಬರೆಯುವ ನೆಪ ಹೇಳಿ ಇಸಿದುಕೊಂಡು, ಮಡಿಸುವ ಅಂಚಿನಲ್ಲಿ ಅಡ್ಡವಾಗಿ ಒಂದು ಸಾಲು ತುರುಕುತ್ತಿದ್ದಳು. ಅಂಟು ಬೀಳುವ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದವು ಹಾಳೆ ಹರಿಯುವಾಗ ಅರ್ಧ ಹೋಗಿವೆ. ಉಳಿದವುಗಳಲ್ಲಿ ಅಪ್ಪನ ಕೆಮ್ಮು ಇದೆ. ಅಣ್ಣ ಅದಕ್ಕೆ ಉತ್ತರ ಬರೆದಿರುವ ರೀತಿಯನ್ನು ನೋಡಬೇಕು. ಕೆಮ್ಮಿನ ಮಾತೆತ್ತದೆ, ಹೊಗೆಸೊಪ್ಪು ಬಿಡಲು ಅಪ್ಪನಿಗೆ ಹೇಳುವಂತೆ ಮೇಷ್ಟ್ರನ್ನೇ ಕೇಳಿಕೊಂಡಿದ್ದಾನೆ. ತಂಗಿ ಸಿಕ್ಕಿಬೀಳದ ಹಾಗೆ ನೋಡಿಕೊಂಡ.

ಒಂದೇ ಒಂದು ಸಲ ಅಮ್ಮನ ಕೈ ನೇರವಾಗಿ ಆ ಕಾಗದಗಳಿಗೆ ತಾಗಿದೆ. ಕೈವಾರದ ಅಮರನಾರಾಯಣನ ಗುಡಿಯ ಕುಂಕುಮವನ್ನು ಬಾಳೆಲೆಯ ತುಂಡಿನಲ್ಲಿ ಕಟ್ಟಿ ಕಳಿಸಬೇಕೆಂದು ಹಟ ಹಿಡಿದರು. ಇನ್‌ಲ್ಯಾಂಡ್ ಲೆಟರಿನೊಳಗೆ ಏನೂ ಇಡುವಂತಿಲ್ಲ, ಆದ್ದರಿಂದ ಲಕೋಟೆ. ಆ ಲಕೋಟೆ ಉಳಿದಿದೆ. ಎಲೆ ಒಣಗಿ ಒಡೆದು, ಕುಂಕುಮ ಕಾಗದದ ಒಂದು ಮಡಿಕೆಗೆಲ್ಲ ಹರಡಿ, ಮೇಷ್ಟ್ರ ದೇಶಸೇವೆಯ ಸಾಲಿನ ಮೇಲೆ ಇಟ್ಟಿಗೆ ಬಣ್ಣದ ಕಲೆ ಕೂತಿದೆ. ಹೊರಗೆ ಮಾಮೂಲಿ ಟಿಕೆಟಿನ ಪಕ್ಕ 5 ಪೈಸೆಯ ಇನ್ನೊಂದು ಟಿಕೆಟು: ಕುಟುಂಬ ಯೋಜನೆಯ ಅಂಚೆಚೀಟಿಯ ಮೇಲೆ ‘ನಿರಾಶ್ರಿತರ ನೆರವು’ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚೊತ್ತಿದ್ದು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಖರ್ಚಿಗೆಂದು 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯವರೆಗೆ ಅಂಚೆಯ ಮೇಲೆ ಹಾಕಿದ್ದ ಹೆಚ್ಚುವರಿ ತೆರಿಗೆ ಅದು. ಲಕೋಟೆಯ ಮೇಲಿನ ತಾರೀಖು ಅಳಿಸಿದ್ದರೂ ಅದು ಯಾವ ಕಾಲದ್ದು ಎಂದು ನಾನು ಹಿಡಿದದ್ದು ಆ 5 ಪೈಸೆಯಿಂದ.

ಡಿಸೆಂಬರ್

ಡಿಸೆಂಬರ್ 3ರಂದು ಯುದ್ಧ ಶುರುವಾಯಿತು. ಅದಕ್ಕೆ ಮುಂಚೆ ವಾರ ಹತ್ತು ದಿನಕ್ಕೆ ಬರುತ್ತಿದ್ದ ಕಾಗದ ನಿಂತಿತು. ಮನೆಯಲ್ಲಿ ಅದನ್ನು ದಿನಗಳಲ್ಲಿ ಎಣಿಸಲಿಲ್ಲ, ಹುಳುವಿನ ಲೆಕ್ಕದಲ್ಲಿ ಎಣಿಸಿದರು. ಮರಿ ಒಡೆದು, ನಾಲ್ಕು ಜ್ವರಕ್ಕೆ ಕೂತು ಎದ್ದು, ಹಣ್ಣಾಗಿ, ಚಂದ್ರಿಕೆಗೆ ಹತ್ತಿ ಗೂಡು ಕಟ್ಟಲು ನಾಲ್ಕು ವಾರ ಹಿಡಿಯುತ್ತದೆ. ಹೋದ ಕಾಗದ ಮರಿ ಒಡೆದಾಗಿನದು, ಗೂಡು ಬಿಡಿಸುವಾಗಲೂ ಉತ್ತರವಿಲ್ಲ.

ಪಂಚಾಯಿತಿ ರೇಡಿಯೊ ಹೇಳುತ್ತಿದ್ದದ್ದು ಹೆಚ್ಚಾಗಿ ಢಾಕಾದ ಕಡೆಯ ಸುದ್ದಿ. 16ರಂದು ಅಲ್ಲಿ ಪಾಕಿಸ್ತಾನದ ಸೇನೆ ಶರಣಾದಾಗ ಊರಿನಲ್ಲಿ ಪಟಾಕಿ ಹೊಡೆದರು. ಮೇಷ್ಟ್ರು ಮಕ್ಕಳ ಮೆರವಣಿಗೆ ಮಾಡಿಸಿದರು. ಅಮ್ಮ ಇನ್ನು ಮಗ ಬಂದ ಹಾಗೆಯೇ ಎಂದು ನೆಮ್ಮದಿಯಾದರು. 56 ಮತ್ತು 99ರ ವ್ಯತ್ಯಾಸ ಬಲ್ಲವರು ಊರಿನಲ್ಲಿ ಮೇಷ್ಟ್ರೊಬ್ಬರೇ. ಹುಡುಗ ಇದ್ದದ್ದು ಢಾಕಾದ ಕಡೆಯಲ್ಲ, ಪಶ್ಚಿಮದಲ್ಲಿ, ಜಮ್ಮು ಮತ್ತು ಪಂಜಾಬ್ ಗಡಿಗೆ ತಾಗಿದ ಶಕರಗಢದ ಕಡೆ. 15 ಮತ್ತು 16ರ ನಡುವಿನ ರಾತ್ರಿ ಅಲ್ಲಿ ಬಸಂತರ್ ನದಿಯ ಬಳಿ ಮೈನು, ಅಂದರೆ ನೆಲಬಾಂಬು, ಹೂತ ಬಯಲಿನಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಿಕೊಡುತ್ತಿದ್ದವರು ಮದ್ರಾಸ್ ಸ್ಯಾಪರ್ಸ್. ದಾರಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ಎಂಬ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದವು. 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಕಾಳಗ ಅದೇ. ಊರಿನಲ್ಲಿ ಪಟಾಕಿ ಹೊಡೆಯುತ್ತಿದ್ದ ಹೊತ್ತಿನಲ್ಲಿ ಆ ಕಡೆಯ ಯುದ್ಧ ಮುಗಿದೇ ಇರಲಿಲ್ಲ. ಪಶ್ಚಿಮದ ಕದನವಿರಾಮ ಜಾರಿಗೆ ಬಂದದ್ದು 17ರ ರಾತ್ರಿ ಎಂಟಕ್ಕೆ.

ಈ ಎರಡು ವಾರಗಳ ಬಗ್ಗೆ ಹುಡುಗ ಬರೆದದ್ದು, ಜನವರಿಯಲ್ಲಿ ಬಂದ ಕಾಗದದಲ್ಲಿ, ಇಷ್ಟೇ: ಕೆಲಸ ಜಾಸ್ತಿ ಇದ್ದ ಕಾರಣ ಪತ್ರ ಬರೆಯಲಾಗಲಿಲ್ಲ, ಕ್ಷಮೆ ಇರಲಿ. ಆಮೇಲೆ ಇಲ್ಲಿನ ಮಣ್ಣಿನ ಬಗ್ಗೆ ಮೂರು ಸಾಲು. ಕಪ್ಪಲ್ಲ, ಕೆಂಪಲ್ಲ, ಕಲ್ಲೇ ಇಲ್ಲ, ಬೆರಳು ಹಾಕಿದರೆ ಒಳಗೆ ಹೋಗುತ್ತದೆ, ಗೋಧಿ ಚೆನ್ನಾಗಿ ಬರುತ್ತದೆ. ಮೇಷ್ಟ್ರು ಇದನ್ನು ಓದಿ ಹೇಳಿದಾಗ ಅಪ್ಪ ಖುಷಿಪಟ್ಟರಂತೆ, ಮಗ ಸೈನ್ಯಕ್ಕೆ ಹೋದರೂ ಬೇಸಾಯ ಮರೆತಿಲ್ಲವೆಂದು. ಮೈನು ಹುಡುಕುವವನು ಸರಳಿನ ತುದಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ, ಅಂಗುಲ ಅಂಗುಲವಾಗಿ ಮೊಣಕಾಲಲ್ಲಿ ಮುಂದೆ ಸರಿಯಬೇಕು ಎಂಬುದು ಗೊತ್ತಿದ್ದವರಿಗೆ ಆ ಮೂರು ಸಾಲು ಬೇರೆಯೇ ಅರ್ಥ ಕೊಡುತ್ತದೆ.

ಕಪಿಲೆಯ ಮಿಣಿ

ಕಾಗದಗಳಿಗಿಂತ ನನಗೆ ಹಿಡಿಸಿದ್ದು ಮನಿ ಆರ್ಡರುಗಳು. ಮನಿ ಆರ್ಡರ್ ಫಾರಂನ ಕೆಳತುದಿಯ ಕೂಪನ್ ಹಣ ಪಡೆದವರ ಬಳಿ ಉಳಿಯುತ್ತಿತ್ತು, ಅದರಲ್ಲಿ ನಾಲ್ಕು ಮಾತು ಬರೆಯಬಹುದಿತ್ತು. ಹಣ ಮುಟ್ಟಿದ್ದಕ್ಕೆ ಸಹಿಯೋ ಹೆಬ್ಬೆಟ್ಟೋ ಬಿದ್ದ ರಸೀತಿ ಕಳಿಸಿದವನಿಗೆ ಮರಳುತ್ತಿತ್ತು. ಮನೆಯಲ್ಲಿ ಕೂಪನ್ನುಗಳು, ಟ್ರಂಕಿನಲ್ಲಿ ರಸೀತಿಗಳು. ಪ್ರತಿ ರಸೀತಿಯ ಮೇಲೂ ಅಪ್ಪನ ಎಡ ಹೆಬ್ಬೆರಳಿನ ಗುರುತು, ಶಾಯಿ ಹೆಚ್ಚಾಗಿ ಒಂದೆರಡರಲ್ಲಿ ಬರೀ ಬೊಟ್ಟು. ಅಪ್ಪನಿಂದ ಯಾರ ತಿದ್ದುಪಡಿಯೂ ಇಲ್ಲದೆ ಮಗನಿಗೆ ಹೋದದ್ದು ಇದೊಂದೇ.

1972ರ ಬೇಸಿಗೆಯ ಹೊತ್ತಿಗೆ ಬಾವಿ ತಳ ಕಂಡಿತು. ಕಪಿಲೆ ಹೊಡೆಯಲು ನೀರಿಲ್ಲದ ಮೇಲೆ ಎತ್ತುಗಳಿಗೆ ಹುಲ್ಲು ಹಾಕುವುದು ದಂಡ ಎಂದು ಅಪ್ಪ ಜೋಡಿಯನ್ನು ಸಂತೆಗೆ ಹೊಡೆದರು. ಆ ವರ್ಷ ದೇಶದ ಬಹುಭಾಗದಲ್ಲಿ ಮುಂಗಾರು ಕೈಕೊಟ್ಟಿತು, ಹಾಗಾಗಿ ಮಾರಿದ್ದು ಸರಿ ಎಂದೇ ಹೇಳಬೇಕು. ಮಗನಿಗೆ ಮಾತ್ರ ಬರೆಯಲಿಲ್ಲ. ಇದು ಮೇಷ್ಟ್ರ ತೀರ್ಮಾನವಲ್ಲ, ಅಪ್ಪನದೇ. ಆ ಜೋಡಿಯನ್ನು ಕೊಂಡದ್ದು ಮಗನ ಮೊದಲ ಸಂಬಳಗಳಿಂದ.

ಇದರ ಮಧ್ಯೆ ಒಂದು ಮನಿ ಆರ್ಡರ್ ಬಂತು. ಕೂಪನ್ನಿನಲ್ಲಿ ‘ಕಪಿಲೆ ಮಿಣಿಗೆ’ ಎಂದಿದೆ. ಹಳೆಯ ಹಗ್ಗ ಸವೆದಿರಬಹುದು, ಈ ಸಲ ಅಗ್ಗದ್ದು ತರಬೇಡಿ ಎಂಬ ತಾಕೀತೂ ಇದೆ. ಎತ್ತಿಲ್ಲದ, ನೀರಿಲ್ಲದ ಬಾವಿಗೆ ಹೊಸ ಮಿಣಿ! ಮುಂದಿನ ಕಾಗದದಲ್ಲಿ ಮೇಷ್ಟ್ರ ದುಂಡು ಅಕ್ಷರದಲ್ಲಿ ಮಿಣಿ ತಂದೆವು, ಗಟ್ಟಿಯಾಗಿದೆ ಎಂದು ಉತ್ತರ ಹೋಗಿದೆ. ಹಣ ಅಂಗಡಿಯ ಬಾಕಿಗೆ ಹೋಯಿತು. ಹೀಗೆ ತಿಂಗಳುಗಟ್ಟಲೆ ಒಂದು ಇಲ್ಲದ ಕಪಿಲೆ ಕಾಗದದಲ್ಲಿ ನೀರೆತ್ತಿತು. ಎಷ್ಟು ಮಡಿ ನೀರು ಕಟ್ಟಿದಿರಿ ಎಂದು ಅವನು ಕೇಳುತ್ತಾನೆ, ಇಷ್ಟು ಎಂದು ಇವರು ಹೇಳುತ್ತಾರೆ.

ಪೂನಾ

ರೇಡಿಯೊ ಯುದ್ಧ ಮುಗಿಯಿತು ಎಂದದ್ದನ್ನು ಮನೆಯವರು ನಂಬಿದರು. ಎಂಜಿನಿಯರ್ ದಳದವರಿಗೆ ಅದು ಮುಗಿಯುವ ಸಮಯವಲ್ಲ. ಯುದ್ಧಕ್ಕೆ ಮೊದಲು ನಮ್ಮ ಸೇನೆಯೇ ಗಡಿಯ ಹೊಲಗಳಲ್ಲಿ ಹೂತಿದ್ದ ಮೈನುಗಳನ್ನು ಒಂದೊಂದಾಗಿ ಎತ್ತಿ, ರೈತರಿಗೆ ಹೊಲ ಬಿಟ್ಟುಕೊಡಬೇಕು. ನಕ್ಷೆ ಇದ್ದರೂ ಮಳೆ ನೀರಿಗೆ ಅವು ಜರುಗಿರುತ್ತವೆ. ವಶಪಡಿಸಿಕೊಂಡ ನೆಲದಿಂದ ಸೇನೆಗಳು ಪೂರ್ತಿ ಹಿಂದೆ ಸರಿದದ್ದೇ ಶಿಮ್ಲಾ ಒಪ್ಪಂದದ ನಂತರ, 1972ರ ಡಿಸೆಂಬರಿನಲ್ಲಿ. ಅಮ್ಮ ದೇವರಿಗೆ ಹರಕೆ ತೀರಿಸಿಬಂದ ಮೇಲೆಯೇ ಮಗ ತನ್ನ ಕೆಲಸದ ಅಪಾಯದ ಭಾಗಕ್ಕೆ ಇಳಿದಿದ್ದ.

ಮಳೆಗಾಲದಲ್ಲಿ ಬಂದ ಒಂದು ಕಾಗದದ ಒಕ್ಕಣೆ ಎಂದಿನಂತೆಯೇ ಇದೆ. ಕ್ಷೇಮ. ಇಲ್ಲಿ ಸೆಕೆ ಕಡಿಮೆ, ಊಟ ಚೆನ್ನಾಗಿದೆ, ರಜೆ ತಡವಾಗಬಹುದು. ಅಕ್ಷರದಲ್ಲೂ ನಡುಕವಿಲ್ಲ. ಆದರೆ ಅಂಚೆ ಮುದ್ರೆಯಲ್ಲಿ ನಂಬರಿಲ್ಲ, ಊರಿದೆ: ಪೂನಾ. ಆಸ್ಪತ್ರೆಯ ಅಂಚೆ ಮಾಮೂಲಿ ನಾಗರಿಕ ಅಂಚೆಯಲ್ಲಿ ಬಂದಿತ್ತು. ಒಳಗೆ ವಿಳಾಸ ಬರೆಯದೆ ಬಿಟ್ಟ ಹುಡುಗನಿಗೆ ಹೊರಗೆ ಬೀಳುವ ಮುದ್ರೆಯ ನೆನಪಾಗಲಿಲ್ಲ. ಮೇಷ್ಟ್ರಿಗೆ ಕಂಡಿತು. ಪೂನಾದಲ್ಲಿ ಸೇನೆಯ ಕೃತಕ ಅಂಗ ಕೇಂದ್ರವಿದೆ ಎಂಬುದು, 1944ರಿಂದಲೂ ಅದು ಅಲ್ಲಿರುವುದರಿಂದ, ಪೇಪರ್ ಓದುವ ಅವರಿಗೆ ಗೊತ್ತಿರಬೇಕು. ಅವರು ಕಾಗದ ಓದಿ ಹೇಳಿ, ಮಡಿಸಿ, ಜೇಬಿಗೆ ಹಾಕಿಕೊಂಡು ಹೋದರು. ಹಿಂದೆಂದೂ ಹಾಗೆ ಮಾಡಿದವರಲ್ಲ.

ತಂಗಿಗೆ ಅನುಮಾನ ಬಂದದ್ದು ಅಲ್ಲಿಯೇ. ಮರುದಿನ ಶಾಲೆಯ ಬಿಡುವಿನಲ್ಲಿ ಹೋಗಿ ಕಾಗದ ಕೇಳಿದಳು. ಮೇಷ್ಟ್ರು ಕೊಟ್ಟರು, ಏನೂ ಹೇಳಲಿಲ್ಲ. ಅವಳು ಮೊದಲ ಬಾರಿಗೆ ತಾನೇ ಪೂರ್ತಿ ಒಂದು ಕಾಗದ ಬರೆದಳು. ಅದರ ಪ್ರತಿ ನೋಡಿದ್ದೇನೆ. ನಮಸ್ಕಾರವೂ ಇಲ್ಲ, ಕ್ಷೇಮವೂ ಇಲ್ಲ. ಪೂನಾ ಏಕೆ ಎಂಬ ಪ್ರಶ್ನೆಯಿಂದಲೇ ಶುರು. ಉತ್ತರವನ್ನು ಮನೆಗೆ ಬರೆಯಬೇಡ, ಹೈಸ್ಕೂಲಿನ ವಿಳಾಸಕ್ಕೆ ಬರೆ ಎಂದಿದ್ದಾಳೆ. ಕೊನೆಗೆ ಯಾರೂ ಕೇಳದಿದ್ದರೂ ಎತ್ತು ಮಾರಿದ ಸುದ್ದಿ, ಬಾವಿಯ ಸುದ್ದಿ, ಮಿಣಿ ತಂದೇ ಇಲ್ಲ ಎಂಬುದು. ಹದಿನೈದು ವರ್ಷದ ಹುಡುಗಿಗೆ ವ್ಯವಹಾರ ಗೊತ್ತಿತ್ತು: ನಿಜ ಕೇಳುವ ಮೊದಲು ತನ್ನ ಕಡೆಯ ನಿಜವನ್ನು ಮುಂದಿಟ್ಟಳು.

ಉತ್ತರ ಬಂತು. ಮೈನು ಎತ್ತುವಾಗ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಗೋಧಿ ಹೊಲ, ಪಕ್ಕದ ದಿಣ್ಣೆಯ ಮೇಲೆ ಉಳುಮೆಗೆಂದು ಕಾಯುತ್ತ ಕೂತಿದ್ದ ಮುದುಕ, ಅಂದು ಎತ್ತಬೇಕಿದ್ದ ಸಾಲಿನಲ್ಲಿ ಉಳಿದಿದ್ದ ಜಾಗ, ಎಲ್ಲವನ್ನೂ ಬರೆದಿದ್ದಾನಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಈ ಒಂದು ಕಾಗದವನ್ನು ತಂಗಿ ನನಗೆ ಕೊಡಲಿಲ್ಲ, ತಾವೇ ಕೈಯಲ್ಲಿ ಹಿಡಿದು ಬೇಕಾದಷ್ಟನ್ನು ಓದಿ ಹೇಳಿದರು. ಎತ್ತಿನ ಬಗ್ಗೆ ಅವನು ಬರೆದದ್ದನ್ನು ಮಾತ್ರ ಎರಡು ಸಲ ಓದಿದರು: ಮಾರಿದ್ದೇ ಒಳ್ಳೆಯದು, ಅಪ್ಪನಿಗೆ ಬೈಯಬೇಡ, ಎಷ್ಟಕ್ಕೆ ಹೋಯಿತು?

ಮುಂದಿನದು ಬೇಗ ನಡೆಯಿತು. ಅವಳು ಅಪ್ಪನಿಗೆ ಹೇಳಿದಳು. ಅಪ್ಪ ಮೇಷ್ಟ್ರನ್ನು ಕರೆದುಕೊಂಡು ಪೂನಾಕ್ಕೆ ಹೊರಟರು, ಮೇಷ್ಟ್ರು ಅಂಚೆ ಕೆಲಸಕ್ಕೆ ಬದಲಿಯೊಬ್ಬರನ್ನು ನಿಲ್ಲಿಸಿ ಹೋದರು. ಅಮ್ಮನಿಗೆ ತಿಳಿದದ್ದು ಅವರು ಮರಳಿದ ಮೇಲೆ. ಆ ತಿಂಗಳ ಕಾಗದಗಳೇ ಇಲ್ಲ. 1973ರಲ್ಲಿ ಅವನು ಅಂಗವಿಕಲ ಪಿಂಚಣಿಯೊಂದಿಗೆ ಮನೆಗೆ ಬಂದ. ಹಿಟ್ಟಿನ ಗಿರಣಿ ಹಾಕಿದ, ಬಾವಿಗೆ ಪಂಪ್‌ಸೆಟ್ ಇಳಿಸಿದ, ಮದುವೆಯಾದ, ಮಕ್ಕಳಾದವು. ಕೆಲವು ವರ್ಷಗಳ ಹಿಂದೆ ತೀರಿಕೊಂಡ.

ಸೈನಿಕನ ಕಾಗದ ಸುಳ್ಳು ಹೇಳುತ್ತದೆ ಎಂಬುದೇನೂ ಹೊಸ ವಿಷಯವಲ್ಲ. ಇಲ್ಲಿ ನನ್ನ ಗಮನ ಹಿಡಿದದ್ದು ಎರಡೂ ಕಡೆಯ ಸುಳ್ಳು ಒಂದೇ ಅಳತೆಯದು ಎಂಬುದು. ಅವನು ಕಾಲು ಮುಚ್ಚಿಟ್ಟ, ಇವರು ಎತ್ತು ಮುಚ್ಚಿಟ್ಟರು. ಎರಡೂ ಮನೆಯ ದುಡಿಮೆಗೆ ಆಧಾರವಾದವು, ಎರಡನ್ನೂ ಮುಚ್ಚಿಟ್ಟದ್ದು ಇನ್ನೊಬ್ಬರು ಕೆಲಸ ಬಿಟ್ಟು ಓಡಿಬರದಿರಲಿ ಎಂದು. ಮೇಷ್ಟ್ರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಬಾವಿಯ ಸುದ್ದಿ ಮೊದಲೇ ಹೋಗಿದ್ದರೆ ಮಿಣಿಗೆ ಬಂದ ಹಣದಲ್ಲಿ ಅಪ್ಪನ ಎದೆಗೆ ಔಷಧಿಯಾಗುತ್ತಿತ್ತು, ಅಷ್ಟಂತೂ ಹೇಳಬಹುದು. ಇವನನ್ನು ವೀರನೆಂದು ಕರೆಯುವವರಿಗೂ ನನ್ನ ತಕರಾರಿಲ್ಲ, ಆದರೆ ಆ ಸಾಕ್ಷಿ ಈ ಕಾಗದಗಳಲ್ಲಿ ಸಿಗುವುದಿಲ್ಲ.

ಕಟ್ಟನ್ನು ಜೋಡಿಸುವಾಗ ಒಳಗಿನ ತಾರೀಖನ್ನು ನಂಬದೆ ಮುದ್ರೆಯ ತಾರೀಖಿನ ಪ್ರಕಾರ ಇಟ್ಟಿದ್ದೇವೆ, ಯುದ್ಧದ ದಿನಗಳಲ್ಲಿ ಬರೆದ ದಿನಕ್ಕೂ ಹೊರಟ ದಿನಕ್ಕೂ ಬಹಳ ಅಂತರವಿದೆ. ಇನ್‌ಲ್ಯಾಂಡ್ ಲೆಟರುಗಳ ಅಂಟಿನ ಜಾಗವನ್ನು ಹುಳು ತಿಂದಿದೆ, ತಂಗಿಯ ಪೆನ್ಸಿಲ್ ಸಾಲುಗಳು ಹೆಚ್ಚಾಗಿ ಹೋಗಿರುವುದು ಅಲ್ಲೇ. ಊರಿನ ಶಾಲೆಯವರು ಗೋಡೆಗೆ ಹಾಕಲು ಯುದ್ಧಕಾಲದ ಒಂದು ಕಾಗದ ಬೇಕೆಂದು ಕೇಳಿದ್ದಾರೆ. ಮನೆಯವರು ಜನವರಿಯ ಮಣ್ಣಿನ ಕಾಗದ ಕೊಡೋಣ ಎನ್ನುತ್ತಾರೆ. ನಾನು ‘ಕಪಿಲೆ ಮಿಣಿಗೆ’ ಎಂಬ ಕೂಪನ್ ಕೊಡಿ ಎಂದೆ. ಮನಿ ಆರ್ಡರ್ ಚೀಟಿಗೆ ಯಾರು ಚೌಕಟ್ಟು ಹಾಕಿಸುತ್ತಾರೆ ಎಂದು ತಂಗಿ ಕೇಳಿದರು, ಆ ಮಾತು ಅಲ್ಲಿಗೇ ನಿಂತಿದೆ.